ಇ-ಸಿಗರೇಟ್ ಸಾಧನಗಳ ವಿದ್ಯುತ್, ಬ್ಯಾಟರಿ ಮತ್ತು ತಾಪ ನಿಯಂತ್ರಣ ದೋಷಗಳು

ಇ-ಸಿಗರೇಟ್ ಅಥವಾ ವೇಪ್ ಎಂಬುದು ಬ್ಯಾಟರಿಯ ಶಕ್ತಿಯಿಂದ ಲೋಹದ ತಂತಿಯ ಸುರುಳಿಯನ್ನು ಕಾಯಿಸಿ, ಅದಕ್ಕೆ ತಗುಲಿದ ದ್ರವವನ್ನು ಆವಿಯಾಗಿಸುವ ಸಾಧನವಾಗಿದೆ. ಆ ದ್ರವದಲ್ಲಿ ಸಾಮಾನ್ಯವಾಗಿ ನಿಕೋಟಿನ್ ಇರುತ್ತದೆ. ಈ ಸಾಧನಗಳಲ್ಲಿ ಕಂಡುಬರುವ ವಿದ್ಯುತ್ ಸಂಬಂಧಿ ದೋಷಗಳು ಹಲವು ರೂಪಗಳಲ್ಲಿ ಪ್ರಕಟವಾಗುತ್ತವೆ: ಗುಂಡಿ ಒತ್ತಿದರೂ ಸಾಧನ ಚಾಲನೆಯಾಗುವುದಿಲ್ಲ, ಚಾರ್ಜ್ ತುಂಬಿದ್ದರೂ ಬ್ಯಾಟರಿ ದುರ್ಬಲವೆಂಬ ಸೂಚನೆ ಬರುತ್ತದೆ, ನಿಗದಿಪಡಿಸಿದ ತಾಪಕ್ಕಿಂತ ಸುರುಳಿ ಹೆಚ್ಚು ಕಾಯುತ್ತದೆ, ಅಪರೂಪಕ್ಕೆ ಬ್ಯಾಟರಿಯೇ ಹೊತ್ತಿಕೊಳ್ಳುತ್ತದೆ. ಹೊರನೋಟಕ್ಕೆ ಪರಸ್ಪರ ಸಂಬಂಧವಿಲ್ಲದಂತೆ ತೋರುವ ಈ ದೋಷಗಳಲ್ಲಿ ಹೆಚ್ಚಿನವುಗಳ ಮೂಲ ಒಂದೇ, ಅದು ವಿದ್ಯುತ್ ರೋಧ. ಸುರುಳಿಯ ರೋಧ, ಜೋಡಣೆಯ ಸ್ಥಳದಲ್ಲಿನ ಸಂಪರ್ಕ ರೋಧ ಮತ್ತು ಬ್ಯಾಟರಿಯ ಆಂತರಿಕ ರೋಧ ಎಂಬ ಮೂರರಲ್ಲಿ ಯಾವುದು ಕೆಟ್ಟಿದೆ ಎಂದು ತಿಳಿದರೆ ದೋಷ ಎಲ್ಲಿದೆ ಎಂಬುದರ ಜೊತೆಗೆ ಅದು ಕೇವಲ ತೊಂದರೆಯೋ ಅಥವಾ ಅಪಾಯವೋ ಎಂಬುದೂ ತಿಳಿಯುತ್ತದೆ.

ಭಾರತದಲ್ಲಿ ಈ ಸಾಧನಗಳ ತಯಾರಿಕೆ, ಆಮದು ಮತ್ತು ಮಾರಾಟವನ್ನು 2019ರಿಂದ ನಿಷೇಧಿಸಲಾಗಿದೆ. ಆದರೆ ಇವುಗಳಲ್ಲಿ ಬಳಕೆಯಾಗುವ ಲಿಥಿಯಂ-ಅಯಾನ್ ಕೋಶಗಳು ಟಾರ್ಚ್, ಪವರ್ ಬ್ಯಾಂಕ್, ಲ್ಯಾಪ್‌ಟಾಪ್ ಮತ್ತು ವಿದ್ಯುತ್ ದ್ವಿಚಕ್ರ ವಾಹನಗಳಲ್ಲಿಯೂ ಇರುವುದರಿಂದ ಬ್ಯಾಟರಿಯ ಕುರಿತ ವಿವರಗಳು ಅವುಗಳಿಗೂ ಬಹುಮಟ್ಟಿಗೆ ಅನ್ವಯಿಸುತ್ತವೆ.

ರಚನೆ

ಇಂದಿನ ಇ-ಸಿಗರೇಟಿನ ಮೂಲರೂಪವನ್ನು ಚೀನಾದ ಔಷಧತಜ್ಞ ಹೋನ್ ಲಿಕ್ 2003ರಲ್ಲಿ ರೂಪಿಸಿದರು. ಅವರ ಆರಂಭಿಕ ವಿನ್ಯಾಸದಲ್ಲಿ ದ್ರವವನ್ನು ತುಂತುರಾಗಿಸಲು ಶ್ರವಣಾತೀತ ಕಂಪನವನ್ನು ಬಳಸಲಾಗಿತ್ತು. ಕಾಯುವ ಸುರುಳಿಯ ಪದ್ಧತಿ ಅನಂತರ ರೂಢಿಗೆ ಬಂದಿತು.

ಸಾಧನದಲ್ಲಿ ಎರಡು ಮುಖ್ಯ ಭಾಗಗಳಿವೆ. ಮೇಲಿನ ಭಾಗದಲ್ಲಿ ದ್ರವದ ತೊಟ್ಟಿ, ಹತ್ತಿಯ ಬತ್ತಿ ಮತ್ತು ಬತ್ತಿಯನ್ನು ಸುತ್ತುವರಿದ ತಂತಿಯ ಸುರುಳಿ ಇರುತ್ತವೆ. ಈ ಭಾಗವನ್ನು ಆಟಮೈಸರ್ ಎನ್ನುತ್ತಾರೆ. ಎಣ್ಣೆದೀಪದಲ್ಲಿ ಬತ್ತಿಯು ಎಣ್ಣೆಯನ್ನು ಮೇಲಕ್ಕೆಳೆಯುವಂತೆಯೇ ಇಲ್ಲಿಯೂ ಬತ್ತಿಯು ದ್ರವವನ್ನು ಹೀರಿ ಸುರುಳಿಗೆ ಒದಗಿಸುತ್ತದೆ. ಕೆಳಗಿನ ಭಾಗದಲ್ಲಿ ಬ್ಯಾಟರಿ, ನಿಯಂತ್ರಕ ಮಂಡಲ ಮತ್ತು ಗುಂಡಿ ಇರುತ್ತವೆ. ಇವೆರಡನ್ನೂ ಕೂಡಿಸುವ ತಿರುಪು ಜೋಡಣೆಗೆ 510 ಎಂಬ ಹೆಸರಿದೆ. ಇದರ ಹೊರಗಿನ ತಿರುಪು ಋಣಧ್ರುವವಾಗಿಯೂ ನಡುವಿನ ಕಡ್ಡಿಯು ಧನಧ್ರುವವಾಗಿಯೂ ಕೆಲಸ ಮಾಡುತ್ತವೆ. ಸುರುಳಿಗೆ ಹೋಗುವ ಪ್ರವಾಹವೆಲ್ಲವೂ ಈ ಕಿರಿದಾದ ಜಾಗವನ್ನು ದಾಟಿಯೇ ಹೋಗಬೇಕು.

ಬ್ಯಾಟರಿಯಾಗಿ ಹೆಚ್ಚಾಗಿ ಬಳಕೆಯಾಗುವುದು 18650 ಎಂಬ ಅಳತೆಯ ಕೋಶ. ಇದರ ವ್ಯಾಸ 18 ಮಿಲಿಮೀಟರ್, ಉದ್ದ 65 ಮಿಲಿಮೀಟರ್. ಪೂರ್ಣ ಚಾರ್ಜ್ ಆದಾಗ ಇದರ ವೋಲ್ಟೇಜ್ 4.2, ಸರಾಸರಿ ಬಳಕೆಯಲ್ಲಿ 3.6 ಅಥವಾ 3.7 ಎಂದು ನಮೂದಿಸುತ್ತಾರೆ. ನಿಯಂತ್ರಕ ಮಂಡಲವು ಈ ವೋಲ್ಟೇಜನ್ನು ಏರಿಸಿ ಅಥವಾ ಇಳಿಸಿ, ಬಳಕೆದಾರನು ಕೇಳಿದಷ್ಟು ವ್ಯಾಟ್ ಸುರುಳಿಗೆ ದೊರೆಯುವಂತೆ ಮಾಡುತ್ತದೆ.

ಈ ಪುಟ್ಟ ಸಾಧನದಲ್ಲಿ ಹರಿಯುವ ಪ್ರವಾಹದ ಪ್ರಮಾಣವನ್ನು ಅನೇಕರು ಊಹಿಸಿರುವುದಿಲ್ಲ. ಸುರುಳಿಗೆ 50 ವ್ಯಾಟ್ ಬೇಕೆಂದರೆ, ಮಂಡಲದಲ್ಲಿ ಆಗುವ ನಷ್ಟವೂ ಸೇರಿ ಒಂಟಿ ಕೋಶದಿಂದ ಸುಮಾರು 55 ವ್ಯಾಟ್ ಎಳೆಯಬೇಕಾಗುತ್ತದೆ. ಬಳಕೆಯ ವೇಳೆ ಕೋಶದ ವೋಲ್ಟೇಜ್ 3.3ರಷ್ಟಿದ್ದರೆ ಪ್ರವಾಹವು ಸುಮಾರು 17 ಆಂಪಿಯರ್ ಆಗುತ್ತದೆ. ನಮ್ಮ ಮನೆಗಳಲ್ಲಿ ಗೀಸರಿಗೆಂದು ಪ್ರತ್ಯೇಕವಾಗಿ ಹಾಕಿಸುವ ದಪ್ಪ ಪ್ಲಗ್ಗಿನ ಮಿತಿಯೇ 16 ಆಂಪಿಯರ್. ವೋಲ್ಟೇಜ್ ಕಡಿಮೆಯಿರುವ ಕಾರಣ ಇಲ್ಲಿ ಶಾಕ್ ಹೊಡೆಯುವ ಭಯವಿಲ್ಲ. ಆದರೆ ಸಂಪರ್ಕಬಿಂದುಗಳು ಕಾಯುವುದು ಪ್ರವಾಹದ ವರ್ಗಕ್ಕೆ ಅನುಗುಣವಾಗಿ. ಜೋಡಣೆಯಲ್ಲಿ ಕೇವಲ 0.02 ಓಮ್ ಅನವಶ್ಯಕ ರೋಧವಿದ್ದರೂ 17 ಆಂಪಿಯರ್ ಹರಿಯುವಾಗ ಅಲ್ಲಿಯೇ ಐದು ವ್ಯಾಟಿಗಿಂತ ಹೆಚ್ಚು ಶಕ್ತಿ ಶಾಖವಾಗಿ ವ್ಯಯವಾಗುತ್ತದೆ.

ಸಾಧನ ಚಾಲನೆಯಾಗದಿರುವುದು

ಗುಂಡಿ ಒತ್ತಿದಾಗ ಏನೂ ಆಗದಿದ್ದರೆ ಅದು ದೋಷವೇ ಆಗಿರಬೇಕೆಂದಿಲ್ಲ. ಬಹಳಷ್ಟು ಸಾಧನಗಳು ಗುಂಡಿಯನ್ನು ಬೇಗಬೇಗನೆ ಐದು ಬಾರಿ ಒತ್ತಿದಾಗ ಬೀಗ ಹಾಕಿಕೊಳ್ಳುತ್ತವೆ, ಮತ್ತೆ ಹಾಗೆಯೇ ಒತ್ತಿದಾಗ ತೆರೆಯುತ್ತವೆ. ಒಂದೇ ಸಮನೆ ಎಂಟು ಹತ್ತು ಸೆಕೆಂಡು ಒತ್ತಿ ಹಿಡಿದರೆ ತಾವಾಗಿ ನಿಲ್ಲುವುದೂ ಸಹಜ ರಕ್ಷಣಾ ಕ್ರಮವೇ ಹೊರತು ಕೆಡುಕಲ್ಲ.

ಪರದೆ ಬೆಳಗಿ, ‘ಚೆಕ್ ಆಟಮೈಸರ್’ ಅಥವಾ ‘ನೋ ಆಟಮೈಸರ್’ ಎಂಬ ಸಂದೇಶ ಬಂದರೆ ಮಂಡಲ ಸರಿಯಿದೆ, ಆದರೆ ಅದಕ್ಕೆ ಸುರುಳಿ ಕಾಣುತ್ತಿಲ್ಲ ಎಂದರ್ಥ. ಸಾಧನವು ಬಿಸಿ ಮಾಡುವ ಮೊದಲು ಸಣ್ಣ ಪ್ರವಾಹವೊಂದನ್ನು ಹರಿಸಿ ಸುರುಳಿಯ ರೋಧವನ್ನು ಅಳೆಯುತ್ತದೆ. ಅಳತೆ ಅತಿ ಹೆಚ್ಚು ಬಂದರೆ ಸುರುಳಿ ತುಂಡಾಗಿದೆ ಅಥವಾ ನಡುವಿನ ಕಡ್ಡಿ ತಾಗುತ್ತಿಲ್ಲ. ಅತಿ ಕಡಿಮೆ ಬಂದರೆ ಸುರುಳಿಯ ಕಾಲುಗಳು ಒಂದಕ್ಕೊಂದು ಅಥವಾ ಲೋಹದ ಕವಚಕ್ಕೆ ತಾಗಿ ಶಾರ್ಟ್ ಆಗಿದೆ. ಎರಡೂ ಸಂದರ್ಭಗಳಲ್ಲಿ ಬೇರೊಂದು ಆಟಮೈಸರ್ ಜೋಡಿಸಿ ನೋಡುವುದೇ ಅತ್ಯಂತ ಸರಳ ಪರೀಕ್ಷೆ. ಅದು ಸರಿಯಾಗಿ ನಡೆದರೆ ದೋಷವು ಮೇಲಿನ ಭಾಗದಲ್ಲಿದೆ, ಇಲ್ಲವಾದರೆ ಕೆಳಗಿನ ಭಾಗದಲ್ಲಿದೆ.

ಕೆಳಗಿನ ಭಾಗದ ದೋಷಗಳಲ್ಲಿ ಸೋರಿದ ದ್ರವದ ಪಾತ್ರ ದೊಡ್ಡದು. ದ್ರವದಲ್ಲಿರುವ ಗ್ಲಿಸರಾಲ್ ಜಿಗುಟಾದುದು ಮತ್ತು ಸುಲಭವಾಗಿ ಆರುವುದಿಲ್ಲ. ಅದು ತಿರುಪಿನ ಬುಡದಲ್ಲಿ ಸೇರಿ ಧೂಳನ್ನು ಹಿಡಿದಿಟ್ಟುಕೊಳ್ಳುತ್ತದೆ. ಬ್ಯಾಟರಿ ತೆಗೆದ ನಂತರ ಐಸೊಪ್ರೊಪೈಲ್ ಆಲ್ಕೊಹಾಲ್ ಸೋಕಿಸಿದ ಹತ್ತಿಕಡ್ಡಿಯಿಂದ ಒರೆಸಿ, ಪೂರ್ತಿ ಆರಲು ಬಿಟ್ಟರೆ ಅನೇಕ ‘ಕೆಟ್ಟ’ ಸಾಧನಗಳು ಸರಿಹೋಗುತ್ತವೆ. ನಡುವಿನ ಕಡ್ಡಿಯ ಅಡಿ ಸ್ಪ್ರಿಂಗ್ ಇರುವ ಸಾಧನಗಳಲ್ಲಿ ಅತಿಯಾಗಿ ಬಿಗಿದ ಆಟಮೈಸರ್ ಆ ಸ್ಪ್ರಿಂಗನ್ನೇ ಕುಗ್ಗಿಸಿಬಿಟ್ಟಿರುತ್ತದೆ. ಆಗ ಬಿಗಿದಷ್ಟೂ ಸಂಪರ್ಕ ಕೆಡುತ್ತದೆ.

ಗುಂಡಿಯಿಲ್ಲದೆ, ಎಳೆದಾಗ ತಾನಾಗಿ ಚಾಲನೆಯಾಗುವ ಸಾಧನಗಳಲ್ಲಿ ಗಾಳಿಯ ಒತ್ತಡದ ಬದಲಾವಣೆಯನ್ನು ಗ್ರಹಿಸುವ ಸಂವೇದಕವಿರುತ್ತದೆ. ಸಾಂದ್ರಗೊಂಡ ದ್ರವ ಅದರ ಮೇಲೆ ನಿಂತರೆ ಎಳೆದರೂ ಸಾಧನ ಚಾಲನೆಯಾಗುವುದಿಲ್ಲ. ಕೆಲವೊಮ್ಮೆ ಇದಕ್ಕೆ ವಿರುದ್ಧವಾಗಿ, ಯಾರೂ ಎಳೆಯದಿದ್ದಾಗಲೂ ಸುರುಳಿ ಕಾಯತೊಡಗುತ್ತದೆ. ಈ ಎರಡನೆಯದು ದುರಸ್ತಿಗೆ ಯೋಗ್ಯವಾದ ದೋಷವಲ್ಲ. ತಾನಾಗಿ ಹೊತ್ತುವ ಸಾಧನವನ್ನು ಜೇಬಿನಲ್ಲಾಗಲಿ ಹಾಸಿಗೆಯ ಬಳಿಯಲ್ಲಾಗಲಿ ಇರಿಸಬಾರದು.

ಚಾರ್ಜ್ ಇದ್ದರೂ ಬ್ಯಾಟರಿ ದುರ್ಬಲವೆಂಬ ಸೂಚನೆ

ಬಳಕೆದಾರರನ್ನು ಅತಿ ಹೆಚ್ಚು ಗೊಂದಲಕ್ಕೀಡುಮಾಡುವ ಸೂಚನೆ ಇದು. ಪರದೆಯಲ್ಲಿ ಅರ್ಧಕ್ಕಿಂತ ಹೆಚ್ಚು ಚಾರ್ಜ್ ಕಾಣುತ್ತಿರುತ್ತದೆ, ಗುಂಡಿ ಒತ್ತಿದೊಡನೆ ‘ವೀಕ್ ಬ್ಯಾಟರಿ’ ಎಂದು ಬರುತ್ತದೆ, ಬಿಟ್ಟೊಡನೆ ಮತ್ತೆ ಅರ್ಧ ಚಾರ್ಜ್ ಕಾಣುತ್ತದೆ. ಇಲ್ಲಿ ಸಾಧನವು ಸುಳ್ಳು ಹೇಳುತ್ತಿಲ್ಲ, ಎರಡೂ ನಿಜವೇ.

ಪ್ರತಿಯೊಂದು ಕೋಶಕ್ಕೂ ಆಂತರಿಕ ರೋಧವಿದೆ. ಪ್ರವಾಹ ಹರಿಯುವಾಗ ಈ ರೋಧದಲ್ಲಿ ಸ್ವಲ್ಪ ವೋಲ್ಟೇಜ್ ನಷ್ಟವಾಗಿ, ಹೊರಗೆ ದೊರೆಯುವ ವೋಲ್ಟೇಜ್ ಅಷ್ಟರಮಟ್ಟಿಗೆ ಕುಸಿಯುತ್ತದೆ. ಹೊಸ ಕೋಶದಲ್ಲಿ ಆಂತರಿಕ ರೋಧ 30 ಮಿಲಿಓಮ್ ಇದೆ ಎಂದುಕೊಳ್ಳೋಣ. ವಿಶ್ರಾಂತಿಯಲ್ಲಿ 3.8 ವೋಲ್ಟ್ ತೋರಿಸುವ ಅಂತಹ ಕೋಶದಿಂದ 17 ಆಂಪಿಯರ್ ಎಳೆದರೆ ಅರ್ಧ ವೋಲ್ಟ್ ಕುಸಿದು 3.3 ಉಳಿಯುತ್ತದೆ, ಸಾಧನ ನಡೆಯುತ್ತದೆ. ನೂರಾರು ಬಾರಿ ಚಾರ್ಜ್ ಆಗಿ, ಬಿಸಿಲಿನಲ್ಲಿ ಬೆಂದು ಹಳತಾದ ಕೋಶದಲ್ಲಿ ಈ ರೋಧವು 80 ಮಿಲಿಓಮ್‌ಗೆ ಏರಿರಬಹುದು. ಅದರಿಂದಲೂ ಅಷ್ಟೇ ಶಕ್ತಿ ಬೇಕೆಂದಾಗ ವೋಲ್ಟೇಜ್ ಹೆಚ್ಚು ಕುಸಿಯುತ್ತದೆ; ವೋಲ್ಟೇಜ್ ಕುಸಿದಂತೆ ನಿಗದಿತ ವ್ಯಾಟನ್ನು ಪೂರೈಸಲು ಮಂಡಲವು ಇನ್ನೂ ಹೆಚ್ಚು ಪ್ರವಾಹ ಎಳೆಯುತ್ತದೆ; ಅದರಿಂದ ವೋಲ್ಟೇಜ್ ಮತ್ತಷ್ಟು ಕುಸಿಯುತ್ತದೆ. ಲೆಕ್ಕ ಹಾಕಿದರೆ, 3.8 ವೋಲ್ಟಿನ ಇಂತಹ ಕೋಶವು ಹೇಗೆ ಎಳೆದರೂ ಕೊಡಬಲ್ಲ ಗರಿಷ್ಠ ಸಾಮರ್ಥ್ಯ ಸುಮಾರು 45 ವ್ಯಾಟ್ ಮಾತ್ರ. ಅದರಿಂದ 55 ವ್ಯಾಟ್ ಕೇಳುವುದು ಆಗದ ಮಾತು. ಆದ್ದರಿಂದ ಮಂಡಲವು ಕೈಚೆಲ್ಲಿ ನಿಲ್ಲುತ್ತದೆ.

ಇದನ್ನು ಖಚಿತಪಡಿಸಿಕೊಳ್ಳಲು ವ್ಯಾಟ್ ಪ್ರಮಾಣವನ್ನು ಅರ್ಧಕ್ಕೆ ಇಳಿಸಿ ನೋಡಬಹುದು. ಆಗ ಸಾಧನ ನಿರಾತಂಕವಾಗಿ ನಡೆದರೆ ಕೋಶ ಹಳತಾಗಿದೆ. ಆದರೆ ಹೊಸ ಕೋಶ ಹಾಕಿದ ಮೇಲೂ ಸೂಚನೆ ಮರಳಿದರೆ, ರೋಧವಿರುವುದು ಕೋಶದ ಒಳಗಲ್ಲ, ಅದನ್ನು ಹಿಡಿದಿರುವ ಸ್ಪ್ರಿಂಗ್ ಅಥವಾ ಪಟ್ಟಿಗಳಲ್ಲಿ. ಅಲ್ಲಿ ಕಪ್ಪಾದ ಕಲೆಗಳು ಕಾಣಬಹುದು. ಚಳಿಗಾಲದಲ್ಲಿ ಆಂತರಿಕ ರೋಧ ಹೆಚ್ಚುವುದರಿಂದ ಶೀತದೇಶಗಳಲ್ಲಿ ಈ ಸೂಚನೆ ಬೆಳಗಿನ ಹೊತ್ತು ಮಾತ್ರ ಕಾಣಿಸಿಕೊಂಡು, ಸಾಧನ ಬೆಚ್ಚಗಾದ ಮೇಲೆ ಮಾಯವಾಗುವುದುಂಟು.

ಎರಡು ಕೋಶಗಳ ಸಾಧನಗಳಲ್ಲಿ ಒಂದು ಹೊಸದು, ಒಂದು ಹಳೆಯದು ಇದ್ದರೆ ಹಳೆಯದೇ ಮೊದಲು ಬರಿದಾಗುತ್ತದೆ. ಸರಣಿಯಲ್ಲಿ ಜೋಡಿಸಿದ್ದರೆ ಬಲವಾದ ಕೋಶವು ಬರಿದಾದ ಕೋಶದ ಮೂಲಕ ಪ್ರವಾಹವನ್ನು ನೂಕುತ್ತಲೇ ಇರುತ್ತದೆ. ಆದ್ದರಿಂದಲೇ ಒಟ್ಟಿಗೆ ಕೊಂಡ, ಒಂದೇ ಮಾದರಿಯ ಎರಡು ಕೋಶಗಳನ್ನು ಕೊನೆಯವರೆಗೂ ಜೋಡಿಯಾಗಿಯೇ ಬಳಸಿ, ಜೋಡಿಯಾಗಿಯೇ ಚಾರ್ಜ್ ಮಾಡಬೇಕೆಂಬ ನಿಯಮ ಬಂದಿದೆ.

ತಾಪ ನಿಯಂತ್ರಣ ಮತ್ತು ಅದರ ದೋಷಗಳು

ತಾಪ ನಿಯಂತ್ರಣವುಳ್ಳ ಇ-ಸಿಗರೇಟುಗಳಲ್ಲಿ ಸಾಮಾನ್ಯವಾಗಿ ಸುರುಳಿಯ ಬಳಿ ಯಾವ ತಾಪಮಾಪಕವೂ ಇರುವುದಿಲ್ಲ. ಈ ಒಂದು ಸಂಗತಿಯನ್ನು ಮನಗಂಡರೆ ಇದರ ಬಹುತೇಕ ದೋಷಗಳು ತಾವೇ ವಿವರಣೆ ಕೊಟ್ಟುಕೊಳ್ಳುತ್ತವೆ. ಲೋಹವು ಬಿಸಿಯಾದಂತೆ ಅದರ ವಿದ್ಯುತ್ ರೋಧ ಹೆಚ್ಚುತ್ತದೆ. ಸಾಧನವು ತಣ್ಣಗಿರುವ ಸುರುಳಿಯ ರೋಧವನ್ನು ಮೊದಲು ಅಳೆದು ನೆನಪಿಟ್ಟುಕೊಳ್ಳುತ್ತದೆ. ಬಿಸಿ ಮಾಡುವಾಗ ಕ್ಷಣಕ್ಷಣವೂ ಮತ್ತೆ ಅಳೆಯುತ್ತಾ, ಎಷ್ಟು ಹೆಚ್ಚಾಯಿತು ಎಂಬುದರಿಂದ ತಾಪವನ್ನು ಲೆಕ್ಕ ಹಾಕುತ್ತದೆ. ನಿಗದಿತ ಮಿತಿ ಬಂದೊಡನೆ ಶಕ್ತಿಯನ್ನು ತಗ್ಗಿಸುತ್ತದೆ. ಅಮೆರಿಕದ ಇವೋಲ್ವ್ ಸಂಸ್ಥೆಯು 2014ರಲ್ಲಿ ಹೊರತಂದ ಡಿಎನ್‌ಎ 40 ಎಂಬ ಮಂಡಲವು ನಿಕಲ್ ತಂತಿಯೊಂದಿಗೆ ಈ ಪದ್ಧತಿಯನ್ನು ಜನಪ್ರಿಯಗೊಳಿಸಿತು.

ಒಂದು ಡಿಗ್ರಿ ಸೆಲ್ಸಿಯಸ್‌ಗೆ ರೋಧವು ಎಷ್ಟು ಪಾಲು ಹೆಚ್ಚುತ್ತದೆ ಎಂಬುದನ್ನು ತಾಪ ಗುಣಾಂಕ ಎನ್ನುತ್ತಾರೆ. ಶುದ್ಧ ನಿಕಲ್‌ನಲ್ಲಿ ಇದು ಸುಮಾರು 0.006, ಟೈಟೇನಿಯಂನಲ್ಲಿ ಸುಮಾರು 0.0035, 316ಎಲ್ ದರ್ಜೆಯ ಸ್ಟೇನ್‌ಲೆಸ್ ಉಕ್ಕಿನಲ್ಲಿ ಸುಮಾರು 0.0009. ಕಬ್ಬಿಣ, ಕ್ರೋಮಿಯಂ, ಅಲ್ಯೂಮಿನಿಯಂಗಳ ಮಿಶ್ರಲೋಹವಾದ ಕ್ಯಾಂಥಲ್‌ನಲ್ಲಿ ಇದು ಸೊನ್ನೆಗೆ ಬಹಳ ಸಮೀಪ. 20 ಡಿಗ್ರಿಯಲ್ಲಿ 0.15 ಓಮ್ ಇರುವ ನಿಕಲ್ ಸುರುಳಿಯು 220 ಡಿಗ್ರಿಗೆ ಕಾದಾಗ 0.33 ಓಮ್ ಆಗುತ್ತದೆ. 0.5 ಓಮ್‌ನ ಉಕ್ಕಿನ ಸುರುಳಿಯು ಅದೇ ತಾಪದಲ್ಲಿ 0.59 ಆಗುತ್ತದೆ. ಅಷ್ಟೇ ರೋಧದ ಕ್ಯಾಂಥಲ್ ಸುರುಳಿಯಲ್ಲಿ ಆಗುವ ಬದಲಾವಣೆ ಕೆಲವೇ ಮಿಲಿಓಮ್. ಜೋಡಣೆಯ ಸಣ್ಣ ಅಲುಗಾಟದಿಂದಲೇ ಅದಕ್ಕಿಂತ ಹೆಚ್ಚಿನ ವ್ಯತ್ಯಾಸವಾಗುವುದರಿಂದ ಕ್ಯಾಂಥಲ್ ತಂತಿಯಲ್ಲಿ ತಾಪ ನಿಯಂತ್ರಣ ಸಾಧ್ಯವೇ ಇಲ್ಲ. ‘ತಾಪ ನಿಯಂತ್ರಣ ಕೆಲಸ ಮಾಡುತ್ತಿಲ್ಲ’ ಎಂಬ ದೂರುಗಳಲ್ಲಿ ಕೆಲವಕ್ಕೆ ಇದೇ ಕಾರಣ.

ತಂತಿಯ ಲೋಹವನ್ನು ತಪ್ಪಾಗಿ ಆರಿಸುವುದು ಮುಂದಿನ ದೋಷ. ಇದರಲ್ಲಿ ಎರಡು ದಿಕ್ಕುಗಳಿವೆ, ಪರಿಣಾಮಗಳು ಸಮಾನವಲ್ಲ. ಸಾಧನದಲ್ಲಿ ಉಕ್ಕು ಎಂದು ಆರಿಸಿ ನಿಕಲ್ ಸುರುಳಿ ಹಾಕಿದರೆ, ರೋಧವು ಶೇಕಡ 18ರಷ್ಟು ಹೆಚ್ಚಿದೊಡನೆ 220 ಡಿಗ್ರಿ ತಲುಪಿತೆಂದು ಮಂಡಲ ಭಾವಿಸುತ್ತದೆ. ನಿಕಲ್ ಆ ಏರಿಕೆಯನ್ನು ಸುಮಾರು 50 ಡಿಗ್ರಿಯಲ್ಲಿಯೇ ತೋರಿಸಿಬಿಡುತ್ತದೆ. ಗುಂಡಿ ಒತ್ತಿದೊಡನೆ ಶಕ್ತಿ ಕಡಿತವಾಗಿ ಆವಿಯೇ ಬರುವುದಿಲ್ಲ. ಇದು ಬರಿಯ ಕಿರಿಕಿರಿ. ನಿಕಲ್ ಎಂದು ಆರಿಸಿ ಉಕ್ಕಿನ ಸುರುಳಿ ಹಾಕಿದರೆ ಹಾಗಲ್ಲ. 220 ಡಿಗ್ರಿಗೆ ರೋಧವು ಎರಡು ಪಟ್ಟು ಮೀರಿ ಏರಬೇಕೆಂದು ಮಂಡಲ ಕಾಯುತ್ತಿರುತ್ತದೆ. ಉಕ್ಕು ಆ ಮಟ್ಟವನ್ನು ಮುಟ್ಟಬೇಕಾದರೆ ಸಾವಿರ ಡಿಗ್ರಿಯನ್ನೂ ದಾಟಬೇಕು. ಅಂದರೆ ಪರದೆಯ ಮೇಲೆ ತಾಪದ ಮಿತಿ ಕಾಣುತ್ತಿದ್ದರೂ ವಾಸ್ತವದಲ್ಲಿ ಯಾವ ಮಿತಿಯೂ ಇರುವುದಿಲ್ಲ.

ಮೂರನೆಯದು ಹೆಚ್ಚು ನವಿರಾದ ದೋಷ. ಅನುಭವಿಗಳೂ ಇದರಲ್ಲಿ ಎಡವುತ್ತಾರೆ. ತಣ್ಣನೆಯ ರೋಧವನ್ನು ಅಳೆಯುವಾಗ ಸುರುಳಿ ನಿಜವಾಗಿಯೂ ತಣ್ಣಗಿರಬೇಕು. ಈಗತಾನೆ ಬಳಸಿದ ಆಟಮೈಸರನ್ನು ಬಿಚ್ಚಿ ಮತ್ತೆ ಜೋಡಿಸಿದಾಗ, ‘ಹೊಸ ಸುರುಳಿಯೇ, ಹಳೆಯದೇ’ ಎಂದು ಸಾಧನ ಕೇಳುತ್ತದೆ. ಆಗ ಹೊಸದು ಎಂದು ಉತ್ತರಿಸಿದರೆ ಬಿಸಿಯಾದ ರೋಧವನ್ನೇ ಅದು ತಣ್ಣನೆಯದೆಂದು ದಾಖಲಿಸಿಕೊಳ್ಳುತ್ತದೆ. ಮೇಲಿನ ನಿಕಲ್ ಸುರುಳಿ ಆ ಕ್ಷಣದಲ್ಲಿ 60 ಡಿಗ್ರಿಯಲ್ಲಿದ್ದರೆ ಅದರ ರೋಧ 0.15ರ ಬದಲು 0.186 ಓಮ್ ಇರುತ್ತದೆ. ಇದನ್ನು 20 ಡಿಗ್ರಿಯ ರೋಧವೆಂದು ನಂಬಿದ ಮಂಡಲವು 220 ಡಿಗ್ರಿಗಾಗಿ 0.41 ಓಮ್‌ವರೆಗೆ ಕಾಯಿಸುತ್ತದೆ. ಆ ರೋಧದಲ್ಲಿ ಸುರುಳಿಯ ನಿಜವಾದ ತಾಪ ಸುಮಾರು 308 ಡಿಗ್ರಿ. ನಲವತ್ತು ಡಿಗ್ರಿಯ ಆರಂಭಿಕ ತಪ್ಪು ಕೊನೆಯಲ್ಲಿ ಎಂಬತ್ತೆಂಟು ಡಿಗ್ರಿಯ ತಪ್ಪಾಗಿ ಬೆಳೆದಿರುತ್ತದೆ. ಹತ್ತು ಹದಿನೈದು ನಿಮಿಷ ಸಾಧನವನ್ನು ಆರಲು ಬಿಟ್ಟು ಅಳತೆ ಮಾಡಿಸುವುದೇ ಇದಕ್ಕೆ ಪರಿಹಾರ.

ಸಂಪರ್ಕ ರೋಧದ ಪ್ರಭಾವವೂ ಇದೇ ತರ್ಕವನ್ನು ಅನುಸರಿಸುತ್ತದೆ. 0.5 ಓಮ್‌ನ ಉಕ್ಕಿನ ಸುರುಳಿಯ ತಿರುಪು ಸಡಿಲಗೊಂಡು 0.02 ಓಮ್ ಸೇರಿಕೊಂಡರೆ, ಸುರುಳಿ ಇದ್ದಕ್ಕಿಂತ 44 ಡಿಗ್ರಿ ಹೆಚ್ಚು ಕಾದಿದೆಯೆಂದು ಮಂಡಲ ತಿಳಿಯುತ್ತದೆ. ಆದ್ದರಿಂದ ಬೇಗನೆ ಶಕ್ತಿ ಕಡಿತಗೊಳಿಸುತ್ತದೆ, ಆವಿ ತೆಳುವಾಗುತ್ತದೆ. ಆದರೆ ಅಳತೆ ದಾಖಲಿಸುವಾಗಲೇ ತಿರುಪು ಸಡಿಲವಾಗಿದ್ದು, ಅನಂತರ ಯಾರೋ ಅದನ್ನು ಬಿಗಿಮಾಡಿದರೆ ಫಲ ತಿರುವುಮುರುವಾಗುತ್ತದೆ. ಸುರುಳಿ ಮಿತಿ ಮೀರಿ ಕಾಯುತ್ತದೆ. ನಿಕಲ್ ಸುರುಳಿಗಳ ರೋಧ ಬಹಳ ಕಡಿಮೆಯಿರುವುದರಿಂದ, ಅದರ ಗುಣಾಂಕ ದೊಡ್ಡದಾಗಿದ್ದರೂ ಇಂತಹ ಕೆಲವು ಮಿಲಿಓಮ್‌ಗಳು ಅಲ್ಲಿಯೂ ಲೆಕ್ಕಕ್ಕೆ ಬರುತ್ತವೆ. ತಾಪದ ಸೂಚಿ ಏರಿಳಿಯುತ್ತಾ ಕುಣಿಯುವುದು, ಒಂದು ಎಳೆತ ಬಲವಾಗಿ ಮರುಎಳೆತ ಬಡವಾಗಿ ಬರುವುದು ಇವೆಲ್ಲ ಸಡಿಲ ಸಂಪರ್ಕದ ಲಕ್ಷಣಗಳು. ಇಂತಹಲ್ಲಿ ಪರದೆಯ ಸಂಖ್ಯೆಗಳನ್ನು ತಿದ್ದುತ್ತಾ ಕೂರುವುದು ವ್ಯರ್ಥ. ಸುರುಳಿಯ ಕಾಲುಗಳನ್ನು ಹಿಡಿದಿರುವ ಮೊಳೆಗಳನ್ನೂ 510 ಜೋಡಣೆಯನ್ನೂ ಸ್ವಚ್ಛಗೊಳಿಸಿ ಬಿಗಿ ಮಾಡಿ, ತಣ್ಣಗಾದ ಮೇಲೆ ಮತ್ತೆ ಅಳೆಯಬೇಕು.

ಮಂಡಲವು ಲೆಕ್ಕ ಹಾಕುವುದು ಇಡೀ ಸುರುಳಿಯ ಸರಾಸರಿ ತಾಪವನ್ನು ಎಂಬುದನ್ನೂ ಗಮನಿಸಬೇಕು. ಬತ್ತಿಯ ಒಂದು ತುದಿ ಒಣಗಿ, ಅಲ್ಲಿನ ಎರಡು ಸುತ್ತುಗಳು ಮಾತ್ರ ಕೆಂಪಾಗುತ್ತಿದ್ದರೂ ಸರಾಸರಿ ಸರಿಯಾಗಿಯೇ ತೋರಬಹುದು. ಹಾಗೆಯೇ ಪರದೆಯಲ್ಲಿ ‘ಟೂ ಹಾಟ್’ ಎಂದು ಬರುವ ಸಂದೇಶ ಅನೇಕ ಸಾಧನಗಳಲ್ಲಿ ಸುರುಳಿಯದಲ್ಲ, ಮಂಡಲದ ಫಲಕವೇ ಕಾದಿರುವುದರ ಸೂಚನೆ. ಇವೆರಡನ್ನೂ ಒಂದೆಂದು ತಿಳಿದು ತಾಪದ ಮಿತಿಯನ್ನು ಬದಲಿಸುವವರಿದ್ದಾರೆ. ಅದರಿಂದ ಪ್ರಯೋಜನವಿಲ್ಲ, ಸಾಧನವನ್ನು ಆರಲು ಬಿಡಬೇಕು.

ಅತಿತಾಪದ ಪರಿಣಾಮ

ತಾಪ ಮಿತಿ ಮೀರುವುದು ರುಚಿ ಕೆಡುವ ಪ್ರಶ್ನೆಯಷ್ಟೇ ಅಲ್ಲ. ದ್ರವದ ಮುಖ್ಯ ಘಟಕಗಳಾದ ಪ್ರೊಪಿಲೀನ್ ಗ್ಲೈಕಾಲ್ 188 ಡಿಗ್ರಿಯಲ್ಲಿಯೂ ಗ್ಲಿಸರಾಲ್ 290 ಡಿಗ್ರಿಯಲ್ಲಿಯೂ ಕುದಿಯುತ್ತವೆ. ದ್ರವ ಸಾಕಷ್ಟು ಇರುವವರೆಗೆ ಆವಿಯಾಗುವ ಕ್ರಿಯೆಯೇ ಸುರುಳಿಯನ್ನು ತಂಪಾಗಿರಿಸುತ್ತದೆ. ನೀರಿರುವ ಪಾತ್ರೆ ತಳಹಿಡಿಯುವುದಿಲ್ಲ, ನೀರಿಂಗಿದೊಡನೆ ಸೀಯುತ್ತದೆ, ಇಲ್ಲಿಯೂ ಹಾಗೆಯೇ. ಬತ್ತಿ ಒಣಗಿದಾಗ ಈ ದ್ರವಗಳು ವಿಭಜನೆಗೊಂಡು ಫಾರ್ಮಾಲ್ಡಿಹೈಡ್, ಅಸಿಟಾಲ್ಡಿಹೈಡ್, ಅಕ್ರೋಲಿನ್ ಮೊದಲಾದ ಹಾನಿಕಾರಕ ಪದಾರ್ಥಗಳಾಗುತ್ತವೆ.

ಪೋರ್ಟ್‌ಲೆಂಡ್ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು 2015ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ ಪತ್ರಿಕೆಯಲ್ಲಿ ಪ್ರಕಟಿಸಿದ ಪತ್ರವೊಂದು ಈ ವಿಷಯದಲ್ಲಿ ದೊಡ್ಡ ಚರ್ಚೆ ಹುಟ್ಟುಹಾಕಿತು. ಸಾಧನವನ್ನು 3.3 ವೋಲ್ಟಿನಲ್ಲಿ ನಡೆಸಿದಾಗ ಫಾರ್ಮಾಲ್ಡಿಹೈಡ್ ಬಿಡುಗಡೆ ಮಾಡುವ ಸಂಯುಕ್ತಗಳು ಪತ್ತೆಯಾಗಲಿಲ್ಲ. 5 ವೋಲ್ಟಿನಲ್ಲಿ ಪತ್ತೆಯಾದವು. ಅಷ್ಟು ವೋಲ್ಟೇಜಿನಲ್ಲಿ ಆ ಸಾಧನದ ಬತ್ತಿ ಒಣಗಿ, ಬಳಕೆದಾರನಿಗೆ ಸಹಿಸಲಾಗದ ಸುಟ್ಟ ರುಚಿ ಬರುತ್ತದೆ, ಆದ್ದರಿಂದ ಇದು ನೈಜ ಬಳಕೆಯಲ್ಲ ಎಂಬುದು ವಿಮರ್ಶಕರ ವಾದವಾಗಿತ್ತು. ಎರಡೂ ಪಕ್ಷಗಳು ಒಪ್ಪುವ ಅಂಶವೆಂದರೆ, ಸುಟ್ಟ ವಾಸನೆ ಬಂದ ಎಳೆತವನ್ನು ಮುಂದುವರಿಸಬಾರದು. ತಾಪ ನಿಯಂತ್ರಣ ಸರಿಯಾಗಿದ್ದ ಮಾತ್ರಕ್ಕೆ ನಿಕೋಟಿನ್ ಆವಿಯ ಸೇವನೆ ನಿರುಪದ್ರವಿ ಆಗುವುದಿಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ಅಮೆರಿಕದಲ್ಲಿ 2019ರಲ್ಲಿ ಕಾಣಿಸಿಕೊಂಡು 2020ರ ಫೆಬ್ರುವರಿ ವೇಳೆಗೆ 68 ಜನರ ಸಾವಿಗೆ ಕಾರಣವಾದ ಶ್ವಾಸಕೋಶದ ಕಾಯಿಲೆಗೆ ಬ್ಯಾಟರಿ ಅಥವಾ ಸುರುಳಿಯ ದೋಷ ಕಾರಣವಾಗಿರಲಿಲ್ಲ. ಅದರೊಂದಿಗೆ ಬಲವಾದ ಸಂಬಂಧ ಕಂಡುಬಂದದ್ದು ದ್ರವಕ್ಕೆ ಬೆರೆಸಿದ್ದ ವಿಟಮಿನ್ ಇ ಅಸಿಟೇಟಿಗೆ.

ಚಾರ್ಜಿಂಗ್ ದೋಷಗಳು

ಲಿಥಿಯಂ-ಅಯಾನ್ ಕೋಶವನ್ನು ಮೊದಲು ಸ್ಥಿರ ಪ್ರವಾಹದಲ್ಲಿ, ಅನಂತರ 4.2 ವೋಲ್ಟಿನ ಸ್ಥಿರ ವೋಲ್ಟೇಜಿನಲ್ಲಿ ಚಾರ್ಜ್ ಮಾಡಬೇಕು. ಯುಎಸ್‌ಬಿ ಕೊಡುವುದು 5 ವೋಲ್ಟ್. ನಡುವೆ ಈ ಹೊಂದಾಣಿಕೆ ಮಾಡುವ ಮಂಡಲ ಎಲ್ಲಿದೆ ಎಂಬುದು ಮುಖ್ಯ. ಹಳೆಯ ಪೆನ್ ಆಕಾರದ ಕೆಲವು ಸಾಧನಗಳಲ್ಲಿ ಅದು ಚಾರ್ಜರಿನ ಒಳಗಿತ್ತು, ಇನ್ನು ಕೆಲವುಗಳಲ್ಲಿ ಸಾಧನದ ಒಳಗೆ. ತಿರುಪಿನ ಅಳತೆ ಹೊಂದುತ್ತದೆ ಎಂಬ ಕಾರಣಕ್ಕೆ ಒಂದರ ಚಾರ್ಜರನ್ನು ಮತ್ತೊಂದಕ್ಕೆ ಹಾಕಿದರೆ ಕೋಶಕ್ಕೆ ನೇರವಾಗಿ 5 ವೋಲ್ಟ್ ತಲುಪುವ ಸಂಭವವಿತ್ತು. ಅಮೆರಿಕದ ಅಗ್ನಿಶಾಮಕ ಆಡಳಿತವು 2014ರಲ್ಲಿ ಪ್ರಕಟಿಸಿದ ವರದಿಯು ಪರಿಶೀಲಿಸಿದ 25 ಪ್ರಕರಣಗಳಲ್ಲಿ 20 ಚಾರ್ಜ್ ಆಗುತ್ತಿದ್ದಾಗಲೇ ಸಂಭವಿಸಿದ್ದವು.

ಚಾರ್ಜ್ ಆಗದಿರುವ ದೋಷಕ್ಕೆ ಮೊದಲು ಶಂಕಿಸಬೇಕಾದುದು ಕೇಬಲ್ ಮತ್ತು ಧೂಳು ತುಂಬಿದ ಪೋರ್ಟ್. ಕೋಶವು ತಿಂಗಳುಗಟ್ಟಲೆ ಬರಿದಾಗಿಯೇ ಬಿದ್ದಿದ್ದರೆ ವಿಷಯ ಬೇರೆ. ವೋಲ್ಟೇಜ್ 2ಕ್ಕಿಂತ ಕೆಳಗೆ ಇಳಿದಾಗ ಒಳಗಿನ ತಾಮ್ರದ ಹಾಳೆ ಕರಗತೊಡಗುತ್ತದೆ. ಮತ್ತೆ ಚಾರ್ಜ್ ಮಾಡಿದಾಗ ಆ ತಾಮ್ರವು ಎಲ್ಲೆಂದರಲ್ಲಿ ಕೂತು ಒಳಗೇ ಶಾರ್ಟ್ ಉಂಟುಮಾಡಬಹುದು. ಅಂತಹ ಕೋಶಕ್ಕೆ ‘ಜೀವ ಕೊಡುವ’ ಉಪಾಯಗಳು ಪ್ರಚಾರದಲ್ಲಿವೆಯಾದರೂ ಅವುಗಳನ್ನು ಅನುಸರಿಸಬಾರದು. ಸೊನ್ನೆ ಡಿಗ್ರಿಗಿಂತ ಕಡಿಮೆ ತಾಪದಲ್ಲಿ ಚಾರ್ಜ್ ಮಾಡಿದರೆ ಲಿಥಿಯಂ ಲೋಹವು ಋಣಧ್ರುವದ ಮೇಲೆ ಪದರವಾಗಿ ಕೂಡುತ್ತದೆ. ಅದೂ ಅಷ್ಟೇ ಅಪಾಯಕರ.

ಬ್ಯಾಟರಿಯ ಬೆಂಕಿ ಮತ್ತು ಸ್ಫೋಟ

ಮೇಲೆ ಹೆಸರಿಸಿದ ಆಡಳಿತವೇ 2017ರಲ್ಲಿ ಪ್ರಕಟಿಸಿದ ಎರಡನೆಯ ವರದಿಯು 2009ರಿಂದ 2016ರವರೆಗೆ ಅಮೆರಿಕದಲ್ಲಿ ನಡೆದ 195 ಬೆಂಕಿ ಮತ್ತು ಸ್ಫೋಟ ಪ್ರಕರಣಗಳನ್ನು ದಾಖಲಿಸಿದೆ. ಅವುಗಳಿಂದ 133 ಗಾಯಗಳಾಗಿದ್ದವು, 38 ತೀವ್ರವಾದವು. 61 ಪ್ರಕರಣಗಳಲ್ಲಿ ಸಾಧನ ಅಥವಾ ಬಿಡಿ ಬ್ಯಾಟರಿ ಜೇಬಿನಲ್ಲಿತ್ತು, 60ರಲ್ಲಿ ಬಳಕೆಯಲ್ಲಿತ್ತು, 48ರಲ್ಲಿ ಚಾರ್ಜ್ ಆಗುತ್ತಿತ್ತು. ಮೂರು ವರ್ಷ ಹಿಂದಿನ ವರದಿಯಲ್ಲಿ ಚಾರ್ಜಿಂಗ್ ಮುಂಚೂಣಿಯಲ್ಲಿದ್ದರೆ ಇದರಲ್ಲಿ ಜೇಬು ಮುಂದಿದೆ. 2018ರ ಮೇ ತಿಂಗಳಲ್ಲಿ ಫ್ಲೋರಿಡಾ ರಾಜ್ಯದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ, 2019ರ ಜನವರಿಯಲ್ಲಿ ಟೆಕ್ಸಾಸ್‌ನ ಫೋರ್ಟ್ ವರ್ತ್‌ನಲ್ಲಿ ಇ-ಸಿಗರೇಟಿನ ಸ್ಫೋಟದಿಂದ ತಲಾ ಒಬ್ಬರು ಮೃತಪಟ್ಟರು.

ಜೇಬಿನಲ್ಲಿ ಆಗುವುದು ಸಾಮಾನ್ಯವಾಗಿ ಹೀಗೆ: ಬಿಡಿ ಕೋಶದೊಂದಿಗೆ ಕೀಲಿಕೈ ಅಥವಾ ನಾಣ್ಯಗಳಿರುತ್ತವೆ. 18650 ಕೋಶದ ತಳ ಮಾತ್ರವಲ್ಲ, ಪ್ಲಾಸ್ಟಿಕ್ ಹೊದಿಕೆಯ ಅಡಿಯಲ್ಲಿರುವ ಇಡೀ ಲೋಹದ ಡಬ್ಬಿಯೇ ಋಣಧ್ರುವ. ಧನಧ್ರುವದ ಸುತ್ತಲಿನ ಅಂಚೂ ಋಣಧ್ರುವವೇ; ಇವೆರಡರ ನಡುವಿನ ಅಂತರ ಒಂದೆರಡು ಮಿಲಿಮೀಟರ್. ಹೊದಿಕೆ ಅಲ್ಲಿ ಹರಿದಿದ್ದರೆ ಒಂದು ಕೀಲಿಕೈ ಸಾಕು. ಶಾರ್ಟ್ ಆದ ಕೋಶವು ತನ್ನೊಳಗೇ ಕಾಯುತ್ತದೆ. ಸುಮಾರು 130 ಡಿಗ್ರಿಯಲ್ಲಿ ಒಳಗಿನ ಪಾಲಿಥಿಲೀನ್ ಪ್ರತ್ಯೇಕಕ ಕರಗುತ್ತದೆ, ಧ್ರುವಗಳು ಪರಸ್ಪರ ತಾಗುತ್ತವೆ, ಅಲ್ಲಿಂದ ಮುಂದೆ ಹೊರಗಿನ ಶಾರ್ಟ್ ತೆಗೆದರೂ ಶಾಖ ತಾನೇ ಶಾಖವನ್ನು ಹೆಚ್ಚಿಸಿಕೊಳ್ಳುತ್ತದೆ. ಇದನ್ನು ನಿಯಂತ್ರಣ ತಪ್ಪಿದ ಉಷ್ಣಕ್ರಿಯೆ ಎನ್ನಬಹುದು. ಮೊಬೈಲಿನ ಚಪ್ಪಟೆ ಬ್ಯಾಟರಿಗೆ ಹೋಲಿಸಿದರೆ ಕೊಳವೆಯಾಕಾರದ ಉಕ್ಕಿನ ಡಬ್ಬಿಯ ಬಿರಿಯುವಿಕೆ ಬೇರೆ ಬಗೆಯದು. ಅದರ ದುರ್ಬಲ ಸ್ಥಳ ಒಂದು ತುದಿಯಲ್ಲಿರುವುದರಿಂದ ಅನಿಲಗಳು ಅಲ್ಲಿಂದ ನುಗ್ಗಿ, ಸಾಧನ ರಾಕೆಟ್ಟಿನಂತೆ ಚಿಮ್ಮುತ್ತದೆ.

ನಿಯಂತ್ರಕ ಮಂಡಲವೇ ಇಲ್ಲದ, ಕೋಶವನ್ನು ಗುಂಡಿಯ ಮೂಲಕ ನೇರವಾಗಿ ಸುರುಳಿಗೆ ಜೋಡಿಸುವ ಕೊಳವೆ ಸಾಧನಗಳಿಗೆ ಮೆಕ್ಯಾನಿಕಲ್ ಮಾಡ್ ಎಂದು ಹೆಸರು. ಇವುಗಳಲ್ಲಿ ಈವರೆಗೆ ಹೇಳಿದ ಯಾವ ಸೂಚನೆಯೂ ಬರುವುದಿಲ್ಲ. 4.2 ವೋಲ್ಟಿನ ಕೋಶಕ್ಕೆ 0.2 ಓಮ್ ಸುರುಳಿ ಹಾಕಿದರೆ 21 ಆಂಪಿಯರ್ ಹರಿಯುತ್ತದೆ, 0.1 ಓಮ್ ಹಾಕಿದರೆ 42. ಹೆಚ್ಚು ಪ್ರವಾಹಕ್ಕೆಂದೇ ತಯಾರಾದ 18650 ಕೋಶಗಳ ಸಾಮರ್ಥ್ಯವೂ ಸಾಮಾನ್ಯವಾಗಿ 20ರಿಂದ 30 ಆಂಪಿಯರ್‌ಗಳ ಆಸುಪಾಸಿನಲ್ಲಿದೆ. ಲ್ಯಾಪ್‌ಟಾಪಿನಿಂದ ಕಿತ್ತ ಕೋಶಗಳ ಮಿತಿ ಇದಕ್ಕಿಂತ ಬಹಳ ಕಡಿಮೆ. ಓಮ್ ನಿಯಮದ ಒಂದು ಸಾಲಿನ ಲೆಕ್ಕ ಮಾಡಲು ಸಿದ್ಧರಿಲ್ಲದವರು ಇಂತಹ ಸಾಧನವನ್ನು ಮುಟ್ಟದಿರುವುದೇ ಲೇಸು.

ಕೋಶವು ಉಬ್ಬಿದ್ದರೆ, ಹೊದಿಕೆ ಹರಿದಿದ್ದರೆ, ಗಟ್ಟಿ ನೆಲಕ್ಕೆ ಬಿದ್ದು ಜಜ್ಜಿದ್ದರೆ ಅಥವಾ ಬಳಸದಿರುವಾಗಲೂ ಬೆಚ್ಚಗಿದ್ದರೆ ಅದರ ಬಳಕೆಯನ್ನು ಅಲ್ಲಿಗೇ ನಿಲ್ಲಿಸಬೇಕು. ಹಿಸ್ ಎಂಬ ಸದ್ದು ಅಥವಾ ಸಿಹಿಯಾದ ದ್ರಾವಕದ ವಾಸನೆ ಬಂದರೆ ಕೈಯಲ್ಲಿ ಹಿಡಿದು ಪರೀಕ್ಷಿಸದೆ, ಉರಿಯದ ಜಾಗದಿಂದ ದೂರವಿರಬೇಕೆಂಬ ಗೊಂದಲಕ್ಕೂ ಎಡೆಯಿಲ್ಲದೆ, ಮೊದಲು ಜನರು ಸರಿಯಬೇಕು. ಹೊತ್ತಿಕೊಂಡ ಸಣ್ಣ ಲಿಥಿಯಂ-ಅಯಾನ್ ಕೋಶಕ್ಕೆ, ಮುಖ್ಯ ವಿದ್ಯುತ್ ಸಂಪರ್ಕ ತೆಗೆದ ನಂತರ, ಹೇರಳವಾಗಿ ನೀರು ಹಾಕುವುದು ಸರಿಯಾದ ಕ್ರಮ; ಜ್ವಾಲೆಯನ್ನು ಆರಿಸುವುದಕ್ಕಿಂತ ಕೋಶವನ್ನು ತಣ್ಣಗಾಗಿಸುವುದು ಅದರ ಉದ್ದೇಶ. ಹೊಗೆಯಲ್ಲಿ ಹೈಡ್ರೋಫ್ಲೋರಿಕ್ ಆಮ್ಲವಿರುವ ಸಂಭವವಿದ್ದು, ಸುಟ್ಟ ಗಾಯವಾದರೆ ಅದು ಲಿಥಿಯಂ ಬ್ಯಾಟರಿಯಿಂದ ಆದುದೆಂದು ವೈದ್ಯರಿಗೆ ತಿಳಿಸಬೇಕು.

ವಿಮಾನಗಳಲ್ಲಿ ಇ-ಸಿಗರೇಟುಗಳನ್ನು ಸರಕು ವಿಭಾಗಕ್ಕೆ ಹೋಗುವ ಚೀಲಗಳಲ್ಲಿ ಇಡುವುದನ್ನು ಅಂತಾರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯು 2015ರಲ್ಲಿ ನಿಷೇಧಿಸಿತು.

ಭಾರತದಲ್ಲಿ ಕಾನೂನು ಮತ್ತು ವಿಲೇವಾರಿ

ಕರ್ನಾಟಕ ಸರ್ಕಾರವು 2016ರಲ್ಲಿಯೇ ರಾಜ್ಯದಲ್ಲಿ ಇ-ಸಿಗರೇಟುಗಳ ಮಾರಾಟವನ್ನು ನಿಷೇಧಿಸಿತ್ತು. ಕೇಂದ್ರ ಸರ್ಕಾರವು 2019ರ ಸೆಪ್ಟೆಂಬರ್ 18ರಂದು ಸುಗ್ರೀವಾಜ್ಞೆ ಹೊರಡಿಸಿ, ಅದೇ ವರ್ಷದ ಡಿಸೆಂಬರಿನಲ್ಲಿ ಅದನ್ನು ಸಂಸತ್ತಿನ ಕಾಯ್ದೆಯಾಗಿಸಿತು. ತಯಾರಿಕೆ, ಆಮದು, ರಫ್ತು, ಸಾಗಣೆ, ಮಾರಾಟ, ವಿತರಣೆ ಮತ್ತು ಜಾಹೀರಾತು ಶಿಕ್ಷಾರ್ಹವಾಗಿದ್ದು, ಮೊದಲ ಅಪರಾಧಕ್ಕೆ ಒಂದು ವರ್ಷದವರೆಗೆ ಸೆರೆವಾಸ ಅಥವಾ ಒಂದು ಲಕ್ಷ ರೂಪಾಯಿಗಳವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು. ದಾಸ್ತಾನು ಇರಿಸುವುದಕ್ಕೂ ಪ್ರತ್ಯೇಕ ಶಿಕ್ಷೆಯಿದೆ. ಆದ್ದರಿಂದ ಈ ಸಾಧನಗಳಿಗೆ ದೇಶದಲ್ಲಿ ಕಾನೂನುಬದ್ಧ ಮಾರಾಟಗಾರರೂ ಇಲ್ಲ, ಖಾತರಿಯೂ ಇಲ್ಲ. ಕಳ್ಳದಾರಿಯಲ್ಲಿ ಬಂದ ಸಾಧನದ ಕೋಶವನ್ನು ಯಾರು ತಯಾರಿಸಿದರು, ಅದರ ಮೇಲೆ ಮುದ್ರಿಸಿದ ಆಂಪಿಯರ್ ಸಂಖ್ಯೆ ನಿಜವೇ ಎಂದು ತಿಳಿಯುವ ಮಾರ್ಗವೂ ಇರುವುದಿಲ್ಲ.

ಒಮ್ಮೆ ಬಳಸಿ ಎಸೆಯುವ ಸಾಧನಗಳಲ್ಲಿಯೂ ಲಿಥಿಯಂ-ಅಯಾನ್ ಕೋಶವೇ ಇರುತ್ತದೆ. ಅದರಲ್ಲಿ ಸಾಕಷ್ಟು ಚಾರ್ಜ್ ಉಳಿದಿರುವಾಗಲೇ ಕಸಕ್ಕೆ ಸೇರುವುದರಿಂದ, ಕಸದ ಲಾರಿಯ ಒತ್ತುಯಂತ್ರದಲ್ಲಿ ಜಜ್ಜಿ ಬೆಂಕಿ ಹೊತ್ತಿಕೊಳ್ಳುವ ಅಪಾಯವಿದೆ. ಬ್ರಿಟನ್ 2025ರ ಜೂನ್ 1ರಿಂದ ಇಂತಹ ಸಾಧನಗಳ ಮಾರಾಟವನ್ನು ನಿಷೇಧಿಸಿತು. ಭಾರತದಲ್ಲಿ ಬಳಸಿದ ಎಲ್ಲ ಬಗೆಯ ಬ್ಯಾಟರಿಗಳಿಗೂ 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣೆ ನಿಯಮಗಳು ಅನ್ವಯಿಸುತ್ತವೆ. ಹಳೆಯ ಕೋಶಗಳ ಎರಡೂ ತುದಿಗಳಿಗೆ ಅಂಟುಪಟ್ಟಿ ಹಚ್ಚಿ, ಮನೆಯ ಕಸದೊಂದಿಗೆ ಬೆರೆಸದೆ ಇ-ತ್ಯಾಜ್ಯ ಸಂಗ್ರಹ ಕೇಂದ್ರಕ್ಕೆ ಒಪ್ಪಿಸಬೇಕು.